ಹೆಣ್ಣು ದೆವ್ವವಾಗುವುದೇಕೆ?

ಜಪಾನಿನ ಭಯಾನಕ ಚಲನಚಿತ್ರಗಳಲ್ಲಿ ಒಂದು ರೂಪ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ಬಿಳಿಯ ಉಡುಪು, ಮುಖವನ್ನು ಮುಚ್ಚಿದ ಕಪ್ಪು ಕೂದಲು, ಸೇಡಿಗಾಗಿ ಮರಳಿದ ಹೆಣ್ಣು. 1825ರಲ್ಲಿ ಕಬುಕಿ ರಂಗಭೂಮಿಗೆ ಬಂದ ಓಯಿವಾಳ ಕಥೆಯನ್ನು ನೊಬುವೊ ನಕಾಗಾವಾ 1959ರಲ್ಲಿ ಚಿತ್ರವಾಗಿಸಿದನು. ಸಿರಿವಂತರ ಮನೆಯ ಕನ್ಯೆಯನ್ನು ವರಿಸುವ ಆಸೆಯಿಂದ ಗಂಡನೇ ಅವಳಿಗೆ ವಿಷವುಣಿಸುತ್ತಾನೆ. 1998ರ ‘ರಿಂಗು’ ಚಿತ್ರದ ಸಡಾಕೊ ತಂದೆಯಿಂದಲೇ ಬಾವಿಗೆ ತಳ್ಳಲ್ಪಟ್ಟವಳು. ಪ್ರೇಕ್ಷಕನ ನೆನಪಿನಲ್ಲಿ ಉಳಿಯುವುದು ಮಾತ್ರ ಬಾವಿಯಿಂದ ಮೇಲೇರಿ ಬರುವ ಪ್ರೇತ. ತಳ್ಳಿದ ಕೈ ಮರೆತುಹೋಗುತ್ತದೆ.

ಕನ್ನಡದಲ್ಲಿಯೂ ಇದೇ ಕಥೆ. 2004ರ ‘ಆಪ್ತಮಿತ್ರ’ದ ನಾಗವಲ್ಲಿಯನ್ನು ಅರಿಯದ ಮನೆಯಿಲ್ಲ. ನರ್ತಕಿಯ ಬಾಳನ್ನು ಹಾಳುಗೆಡವಿದವನು ಅರಸ. ಮಕ್ಕಳು ಹೆದರುವುದು ನರ್ತಕಿಗೆ. ಆ ಚಿತ್ರದಲ್ಲಿ ವೈದ್ಯನೊಬ್ಬನು ಇದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಎಂದು ಬಿಡಿಸಿ ಹೇಳುತ್ತಾನೆ. ಆ ಮಾತು ಎಷ್ಟು ಜನರ ಕಿವಿಗೆ ಬಿದ್ದಿತೋ!

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳ್ಳಿಗಳಿಗೆ ಇಂಥ ಕಥೆ ಸಿನಿಮಾದಿಂದ ಬರಬೇಕಾಗಿರಲಿಲ್ಲ. ಬಾಣಂತಿತನದಲ್ಲಿ ಸತ್ತವಳು, ಕೆರೆಬಾವಿಗೆ ಬಿದ್ದವಳು ಮೋಹಿನಿಯಾದಳೆಂಬ ಮಾತು ಮಳೆಗಾಲದ ಜಗುಲಿಗಳಲ್ಲಿ ಹಳೆಯದು. ಸೊಸೆ ಬಾವಿಗೆ ಬಿದ್ದುದೇಕೆ ಎಂದು ಕೇಳಬೇಕಾದ ಊರು, ಸಂಜೆಯ ನಂತರ ಆ ಬಾವಿಯ ಕಡೆ ಹೋಗಬೇಡಿರೆಂದು ಮಕ್ಕಳಿಗೆ ಹೇಳಿ ಸುಮ್ಮನಾಗುತ್ತದೆ. ದೆವ್ವದ ಭಯವು ಹೀಗೆ ಅಪರಾಧಿಗೆ ಕಾವಲಾಗುತ್ತದೆ. ಬದುಕಿದ್ದಾಗ ಅತ್ತೆಮನೆಯಲ್ಲಾಗಲಿ ತವರಿನಲ್ಲಾಗಲಿ ಯಾರೂ ಆಲಿಸದ ದನಿಗೆ ಸತ್ತ ಮೇಲೆ ಇಷ್ಟು ಬಲ ಬಂದಿತೆಂದು ನಂಬುವವರು, ಬದುಕಿದ್ದಾಗ ಅದನ್ನು ಏಕೆ ಆಲಿಸಲಿಲ್ಲ?

ಜೈನ ಕುಟುಂಬಗಳಲ್ಲಿಯೂ ಈ ನಂಬಿಕೆ ಇರುವುದು ಹೆಚ್ಚು ಖೇದಕರ. ತತ್ತ್ವಾರ್ಥಸೂತ್ರದ ಪ್ರಕಾರ ದೇಹವನ್ನು ತೊರೆದ ಸಂಸಾರಿ ಜೀವವು ನಾಲ್ಕು ಸಮಯಗಳೊಳಗೆ ಮುಂದಿನ ಜನ್ಮಸ್ಥಾನವನ್ನು ಸೇರುತ್ತದೆ. ಸಮಯವೆಂದರೆ ಕಾಲದ ಅತ್ಯಂತ ಸೂಕ್ಷ್ಮ ಅಂಶ. ಹುಣಿಸೆಮರದಲ್ಲಿ ಕಾದು ಕುಳಿತಿರಲು ಅದಕ್ಕೆ ಬಿಡುವೆಲ್ಲಿ? ವ್ಯಂತರರಲ್ಲಿ ಭೂತ, ಪಿಶಾಚಗಳಿಲ್ಲವೇ ಎಂದು ಕೆಲವರು ವಾದಿಸಬಹುದು. ಇವೆ; ಆದರೆ ಅದೂ ದೇವಗತಿಯ ಒಂದು ಹುಟ್ಟು, ಬೇರೊಂದು ಆಯುಷ್ಯ. ಸತ್ತ ಸೊಸೆಯ ಉಳಿದ ನೆರಳಲ್ಲ.

ಇನ್ನು ಸೇಡಿನ ಮಾತು. ಪಾರ್ಶ್ವನಾಥರ ಪುರಾಣದಲ್ಲಿ ಭವಭವಗಳ ವೈರವನ್ನು ಹೊತ್ತು ತಂದವನು ಕಮಠ. ತಮ್ಮನಾದ ಮರುಭೂತಿಯ ಹೆಂಡತಿಯ ಮೇಲೆ ಕಣ್ಣು ಹಾಕಿ, ಕ್ಷಮೆ ಯಾಚಿಸಲು ಬಂದ ತಮ್ಮನನ್ನೇ ಕೊಂದವನು ಅವನು. ಉಪಸರ್ಗದ ಹೊತ್ತಿನಲ್ಲಿ ಧರಣೇಂದ್ರನೊಡನೆ ಬಂದು ಛತ್ರ ಹಿಡಿದವಳು ಪದ್ಮಾವತಿ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಆ ತಾಯಿಗೆ ಕೈಮುಗಿದು ಮನೆಗೆ ಮರಳಿದವರು, ಹೆಣ್ಣೆಂದರೆ ಸೇಡು ಎಂಬ ಚಿತ್ರಕ್ಕೆ ದೀಪವಾರಿಸಿ ಕುಳಿತುಕೊಳ್ಳುವುದು ವಿಚಿತ್ರ.

ಅದೇ ಹೊಂಬುಜದಲ್ಲಿ ಸಾವಿನ ದುಃಖವನ್ನು ಬೇರೆ ರೀತಿಯಲ್ಲಿ ಹೊತ್ತ ಹೆಣ್ಣೊಬ್ಬಳ ಗುರುತಿದೆ. ಚಟ್ಟಲದೇವಿ ತೀರಿಹೋದ ಸಹೋದರಿಯ ನಾಲ್ವರು ಗಂಡುಮಕ್ಕಳನ್ನು ಸಾಕಿದಳು. ಅಗಲಿದ ಬಂಧುಗಳ ನೆನಪಿಗಾಗಿ ‘ಉರ್ವೀತಿಲಕ’ವೆಂಬ ಪಂಚಕೂಟ ಬಸದಿಯನ್ನು ಕಟ್ಟಿಸಿದಳು. 1077ರ ಶಾಸನ ಅದನ್ನು ಹೇಳುತ್ತದೆ. ಅವಳ ಹೆಸರು ನಾಗವಲ್ಲಿಯ ಹೆಸರಿನಷ್ಟು ಮಕ್ಕಳ ಬಾಯಲ್ಲಿಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ಮೌನವಾಗಿರುವುದು ತರವಲ್ಲ. ಮೈಮೇಲೆ ಬಂದಿದೆಯೆಂದು ಕರೆತರಲಾದ ಹೆಂಗಸು ಹಲವು ವೇಳೆ ನಿದ್ದೆಗೆಟ್ಟವಳು, ಹೆರಿಗೆಯ ನಂತರ ಬಳಲಿದವಳು, ಅಥವಾ ನೇರವಾಗಿ ಹೇಳಲಾಗದ ದುಃಖವನ್ನು ಬೇರೊಬ್ಬಳ ಹೆಸರಿನಲ್ಲಿ ಹೇಳುತ್ತಿರುವವಳು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟುವುದು, ಹೊಡೆಯುವುದು, ಮೆಣಸಿನ ಹೊಗೆ ಹಾಕುವುದು ಇವು ಹಿಂಸೆಯೆಂಬುದನ್ನು ಅಣುವ್ರತಿಗಳಿಗೆ ಕಾನೂನು ಕಲಿಸಬೇಕಾಗಿರಲಿಲ್ಲ. ಆದರೂ ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ 2017ರ ಕರ್ನಾಟಕದ ಅಧಿನಿಯಮವು ಇವನ್ನು ಶಿಕ್ಷಾರ್ಹವೆಂದು ಸಾರಿದೆ. ಅಂಥವಳು ಬಸದಿಯ ಅಂಗಳಕ್ಕೆ ಬಂದರೆ ಜತೆಗೆ ಬಂದ ಗಂಡಸರನ್ನು ಹೊರಗೆ ಕೂರಿಸಿ, ಹಿರಿಯ ಶ್ರಾವಿಕೆಯೊಬ್ಬರು ಅವಳ ಬಳಿ ಕುಳಿತು ಮನೆಯಲ್ಲಿ ಏನಾಯಿತೆಂದು ಮೊದಲು ಕೇಳಲಿ. ಶಿವಮೊಗ್ಗೆಯ ಆಸ್ಪತ್ರೆಗೆ ಕರೆದೊಯ್ಯುವ ವಾಹನದ ಖರ್ಚನ್ನು ಬಸದಿಯ ಹುಂಡಿಯೇ ಕೊಡಲಿ.