‘ಉಷ್ಣ’ವೆಂದು ಕಳೆದ ದಿನಗಳು

ನಮ್ಮ ಮನೆಗಳಲ್ಲಿ ಹೆಂಗಸರ ದೇಹಬಾಧೆಗಳಿಗೆಲ್ಲ ಒಂದೇ ಮಾತಿನ ಕಾರಣವುಂಟು: ‘ಉಷ್ಣ’. ಕಣ್ಣುರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಅಕಾಲದಲ್ಲಿ ರಕ್ತ ಕಾಣಿಸಿಕೊಂಡರೂ ಉಷ್ಣವೇ. ಮೊದಲಿನ ಎರಡು ಒಂದು ಲೋಟ ಮಜ್ಜಿಗೆಗೆ ಬಗ್ಗುವುದುಂಟು. ಮೂರನೆಯದನ್ನು ಹಾಗೆ ಬಿಡುವುದು ಪ್ರಾಣಕ್ಕೆ ಅಪಾಯ. ಕುಟುಂಬದ ಪತ್ರಿಕೆಯಲ್ಲಿ ಇಂಥದನ್ನು ಬರೆಯಬಹುದೇ ಎಂದು ಹುಬ್ಬೇರಿಸುವ ಹಿರಿಯರಿದ್ದರೆ, ಕುಟುಂಬಕ್ಕೆ ಇದಕ್ಕಿಂತ ಹತ್ತಿರದ ವಿಷಯ ಯಾವುದೆಂದು ಅವರನ್ನೇ ವಿನಯದಿಂದ ಕೇಳುತ್ತೇನೆ.

ಗರ್ಭಕೋಶದ ಬಾಯಿಯನ್ನು ವೈದ್ಯರು ಗರ್ಭಕಂಠವೆನ್ನುತ್ತಾರೆ. ಅಲ್ಲಿ ಹುಟ್ಟುವ ಕ್ಯಾನ್ಸರ್ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ಸುಮಾರು 80,000 ಸ್ತ್ರೀಯರನ್ನು ಬಲಿ ತೆಗೆದುಕೊಂಡಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗದ ಅಂದಾಜು. 1973ರಲ್ಲಿ ಆರಂಭವಾದ ನಮ್ಮ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರುಗಳ ಲೆಕ್ಕವಿಡುತ್ತ ಬಂದಿದ್ದಾರೆ. ಆ ಲೆಕ್ಕ ಮೊದಲಾದಾಗ ಸ್ತ್ರೀಯರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದ್ದುದು ಗರ್ಭಕಂಠದ ಕ್ಯಾನ್ಸರೇ. ಈಗ ಅದು ಇಳಿದಿದೆ. ಮೊದಲ ಸ್ಥಾನ ಸ್ತನದ ಕ್ಯಾನ್ಸರಿಗೆ ಸಂದಿದೆ. ಇಳಿದಿದೆಯೆಂದರೆ ಇನ್ನೂ ಇಳಿಸಬಹುದೆಂದೇ ಅರ್ಥ.

ಇನ್ನು ಅದರ ಸೂಚನೆಗಳು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಅದು ಎಚ್ಚರಿಕೆ. ಎರಡು ಮುಟ್ಟುಗಳ ನಡುವೆ ಅಥವಾ ದಾಂಪತ್ಯ ಸಂಗದ ಬಳಿಕ ಕಾಣುವ ರಕ್ತ, ವಾಡಿಕೆಗಿಂತ ಹೆಚ್ಚು ದಿನ ಹೋಗುವ ಮುಟ್ಟು, ದುರ್ವಾಸನೆಯ ಅಥವಾ ರಕ್ತ ಬೆರೆತ ಬಿಳಿಸೆರಗು, ಸಂಗಕಾಲದ ನೋವು, ಬಿಡದೆ ಕಾಡುವ ಕಿಬ್ಬೊಟ್ಟೆಯ ನೋವು, ಇವೂ ಹಾಗೆಯೇ. ಕಾಲಿನ ಬಾವು, ಮೂತ್ರದ ತೊಂದರೆ, ಕಾರಣವಿಲ್ಲದೆ ಮೈ ಇಳಿಯುವುದು, ಇವು ರೋಗ ಬಲಿತ ಮೇಲೆ ಬರುವಂಥವು. ಇವುಗಳಲ್ಲಿ ಯಾವುದು ಕಂಡರೂ ಕ್ಯಾನ್ಸರೇ ಎಂದು ಎದೆಗೆಡಬೇಕಾಗಿಲ್ಲ. ಬಹು ಮಂದಿಗೆ ಕಾರಣ ಬೇರೆಯೇ ಇರುತ್ತದೆ. ಆದರೆ ಅದನ್ನು ಹೇಳಬೇಕಾದವರು ಪರೀಕ್ಷಿಸಿ ನೋಡಿದ ವೈದ್ಯರು, ನೆರೆಮನೆಯವರಲ್ಲ.

ಕನ್ನಡ ಕಲಿಸುವವನಾದ ನನಗೆ ಇಲ್ಲೊಂದು ಸಂಗತಿ ಕಾಣುತ್ತದೆ. ತಿಂಗಳ ಮುಟ್ಟನ್ನು ಹೇಳದೆ ಹೇಳಲು ‘ಹೊರಗಾಗುವುದು’, ‘ದೂರ ಕೂಡುವುದು’ ಎಂದು ನಮ್ಮ ಮನೆಗಳು ಮರೆಮಾತುಗಳನ್ನು ಕಟ್ಟಿಕೊಂಡಿವೆ. ಐವತ್ತೈದನೆಯ ವಯಸ್ಸಿನಲ್ಲಿ ಕಂಡ ರಕ್ತಕ್ಕೆ ಮಾತ್ರ ಒಂದು ಮರೆಮಾತೂ ಇಲ್ಲ. ವಿಜಯನಗರದ ಯಾವುದಾದರೊಂದು ಮನೆಯನ್ನು ಊಹಿಸಿಕೊಳ್ಳಿ. ಮಗ ಪೀಣ್ಯದ ಕಾರ್ಖಾನೆಗೆ ಹೊರಡುತ್ತಾನೆ, ಸೊಸೆ ಮೆಟ್ರೋ ಹಿಡಿಯಲು ಧಾವಿಸುತ್ತಾಳೆ. ಅತ್ತೆಗೆ ಸೀರೆಯ ಮೇಲೆ ಕಲೆ ಕಂಡಿದೆ. ಗಂಡುಮಗನಿಗೆ ಹೇಳಲು ನಾಚಿಕೆ, ಸೊಸೆಗೆ ಹೇಳಲು ಸಂಕೋಚ. ಗೌರಿಹಬ್ಬ ಕಳೆಯಲಿ, ದಸರೆ ಕಳೆಯಲಿ, ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದು ಆಕೆ ದಿನ ತಳ್ಳುತ್ತಾಳೆ. ರೋಗ ಹಬ್ಬಗಳ ಲೆಕ್ಕವನ್ನಿಡುವುದಿಲ್ಲ.

ನಾಚಿಕೆಗೆ ಇಲ್ಲಿ ಕಾರಣವೂ ಇಲ್ಲ. ಈ ಕ್ಯಾನ್ಸರಿಗೆ ಬಹುಮಟ್ಟಿಗೆ ಮೂಲ ಎಚ್.ಪಿ.ವಿ. ಎಂಬ ವೈರಸ್. ಸಂಗದಿಂದ ಹರಡುವ ಇದು ಅತಿ ಸಾಮಾನ್ಯವಾದುದು. ಒಬ್ಬನೇ ಪತಿಯೊಡನೆ ಬಾಳಿದ ಗೃಹಿಣಿಗೂ ಬರಬಹುದು. ಶೀಲದ ಪ್ರಶ್ನೆ ಇದರಲ್ಲಿಲ್ಲ. ಹೆಚ್ಚಿನವರ ದೇಹ ಅದನ್ನು ತಾನಾಗಿ ಹೊರಹಾಕುತ್ತದೆ. ಕೆಲವರಲ್ಲಿ ಉಳಿದು, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಾಗುತ್ತದೆ. ಅಷ್ಟು ಕಾಲವೂ ಯಾವ ಸೂಚನೆಯೂ ಇಲ್ಲದಿರಬಹುದು. ಆದುದರಿಂದ ಸೂಚನೆಗೆ ಕಾಯದೆ ಪರೀಕ್ಷೆ ಮಾಡಿಸಿಕೊಳ್ಳುವುದು ಉತ್ತಮ.

ಪರೀಕ್ಷೆಯ ಫಲವೇನೆಂಬುದಕ್ಕೆ ನಮ್ಮ ಗಡಿಯಾಚೆಯೇ ಸಾಕ್ಷಿಯಿದೆ. ಬೀದರಿನ ನೆರೆಯ ಉಸ್ಮಾನಾಬಾದ್, ಎಂದರೆ ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ ಮೊದಲುಗೊಂಡು ಲಕ್ಷಕ್ಕೂ ಮೀರಿದ ಸ್ತ್ರೀಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಒಮ್ಮೆ ಮಾತ್ರ ಎಚ್.ಪಿ.ವಿ. ಪರೀಕ್ಷೆಯ ಅವಕಾಶ ದೊರೆತ ಗುಂಪಿನಲ್ಲಿ ಈ ರೋಗದ ಸಾವುಗಳು ಸರಿಸುಮಾರು ಅರ್ಧಕ್ಕೆ ಇಳಿದುವೆಂದು 2009ರಲ್ಲಿ ಪ್ರಕಟವಾಯಿತು. 30ರಿಂದ 65 ವಯಸ್ಸಿನವರೆಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆಯಾಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ಸೂಚಿಸಿದೆ. ದುರ್ಬಲವಾದ ಆಮ್ಲವನ್ನು ಸವರಿ, ಬೆಳ್ಳಗಾಗುವ ಭಾಗವಿದೆಯೇ ಎಂದು ನೋಡುವ ಸರಳ ಕ್ರಮ ಅದು. ಕೆಲವೇ ನಿಮಿಷಗಳ ಕೆಲಸ. ಹೆಣ್ಣುಮಕ್ಕಳಿಗೆ ಒಂಬತ್ತರಿಂದ ಹದಿನಾಲ್ಕರೊಳಗೆ ಹಾಕಿಸುವ ಲಸಿಕೆಯೂ ಇದೆ. ಆದರೆ ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ ಪರೀಕ್ಷೆ ಬೇಕು.

ರಾಜಾಜಿನಗರ, ಬಸವೇಶ್ವರನಗರದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ದೂರವಲ್ಲ. ಇ.ಎಸ್.ಐ. ಸೌಲಭ್ಯವುಳ್ಳವರಿಗೆ ರಾಜಾಜಿನಗರದಲ್ಲಿಯೇ ಆಸ್ಪತ್ರೆಯಿದೆ. ಅಲ್ಲಿ ಸ್ತ್ರೀರೋಗ ವಿಭಾಗದಲ್ಲಿ ಹೇಳಬೇಕಾದುದು ಇಷ್ಟೇ: ‘ನಿಂತಿದ್ದ ಮುಟ್ಟು ಮತ್ತೆ ಕಂಡಿದೆ, ಪರೀಕ್ಷಿಸಿ ನೋಡಿ.’ ಅದನ್ನು ಹೇಳಲು ತಾಯಿ ಸಂಕೋಚಪಟ್ಟರೆ ಮಗಳೋ ಸೊಸೆಯೋ ಹೇಳಲಿ. ಅವರಿಲ್ಲದಿದ್ದರೆ ಮಗನೇ ಹೇಳಲಿ. ಓದುಗ ಮಹಾಶಯರೇ, ಈ ಪುಟವನ್ನು ಮಡಿಸಿಡುವ ಮುನ್ನ ಮನೆಯ ಹಿರಿಯ ಹೆಂಗಸಿನ ಕೈಗೊಮ್ಮೆ ಕೊಡಿ.