ಕನ್ನಡಿಯಲ್ಲಿ ಕಂಡ ನರೆ

ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದನು. ಎಂಟು ಮೂಲೆಗಳ ನಕ್ಷತ್ರದಂತಿರುವ ಅದರ ಆಕಾರವು ಒಳಗೆ ನಿಂತವರಿಗೆ ಪೂರ್ಣವಾಗಿ ಕಾಣದು. ಡ್ರೋನ್ ತೆಗೆದ ಚಿತ್ರಗಳು ಅಂತರ್ಜಾಲದಲ್ಲಿ ಹರಡಿದ ಮೇಲೆ ಆ ಸೊಬಗು ಮನೆಮನೆಗೂ ತಲುಪಿತು. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ದೂರದೇಶದ ಶ್ರಾವಕರು ಕುಳಿತಲ್ಲಿಯೇ ದರ್ಶಿಸಿದ್ದೂ ಇಂತಹ ಸಾಧನದಿಂದಲೇ. ಆದ್ದರಿಂದ ಚಿತ್ರವನ್ನು ದೂಷಿಸಬೇಕಾಗಿಲ್ಲ. ಅದನ್ನು ಬಯಸುವ ಮನಸ್ಸನ್ನು ಪರೀಕ್ಷಿಸಬೇಕಾಗಿದೆ.

ಆಲೂರು, ಸಕಲೇಶಪುರದ ಗುಡ್ಡಗಳಿಗೆ ರಜೆಯ ದಿನ ಬರುವ ಎಷ್ಟೋ ಯುವಕ ಯುವತಿಯರು ಮಂಜಿಗೆ ಒಪ್ಪುವ ಬಣ್ಣದ ಉಡುಪನ್ನು ರೀಲ್ಸ್‌ಗಾಗಿಯೇ ಕೊಂಡು ತರುತ್ತಾರೆ. ಚಿತ್ರ ಒಮ್ಮೆ ಹೊರಬಿದ್ದರೆ, ಎಲ್ಲರೂ ನೋಡಿಯಾಯಿತೆಂದು ಆ ಉಡುಪನ್ನು ಮತ್ತೆ ತೊಡಲು ಮನಸ್ಸು ಒಪ್ಪದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಒಮ್ಮೆ ಅನುಭವಿಸಿ ಬಿಡುವ ಆಹಾರಾದಿಗಳನ್ನು ಭೋಗವೆಂದೂ, ಮತ್ತೆ ಮತ್ತೆ ಬಳಸುವ ವಸ್ತ್ರಾದಿಗಳನ್ನು ಉಪಭೋಗವೆಂದೂ ವಿಂಗಡಿಸಿದ್ದಾರೆ. ಇಂದಿನ ಶೋಕಿಯು ಈ ಗೆರೆಯನ್ನೇ ಅಳಿಸಿದೆ. ವಸ್ತ್ರವೂ ಒಂದೇ ಸಲದ ಭೋಗವಾಗಿದೆ. ಅನ್ನವಾದರೋ ಹಸಿವನ್ನು ತಣಿಸುತ್ತದೆ; ಮೆಚ್ಚುಗೆಯ ಹಸಿವು ಉಂಡಷ್ಟೂ ಬೆಳೆಯುತ್ತದೆ.

ಷಟ್ಖಂಡಗಳನ್ನು ಗೆದ್ದ ಭರತ ಚಕ್ರವರ್ತಿಗೆ ಒಂದು ದಿನ ಕನ್ನಡಿಯಲ್ಲಿ ತನ್ನ ನರೆಗೂದಲು ಕಂಡಿತು. ಆ ಒಂದು ಎಳೆಯೇ ಅವನಿಗೆ ವೈರಾಗ್ಯದ ಕರೆಯಾಯಿತು ಎನ್ನುತ್ತದೆ ಪುರಾಣ. ಇಂದು ಕೈಯಲ್ಲಿರುವ ಕನ್ನಡಿಯು ನರೆಯನ್ನು ಮರೆಸುತ್ತದೆ, ಸುಕ್ಕನ್ನು ಅಳಿಸುತ್ತದೆ, ಮೈಬಣ್ಣವನ್ನು ತಿಳಿಗೊಳಿಸುತ್ತದೆ. ಕರೆ ಕೇಳಿಸುವುದಾದರೂ ಹೇಗೆ? ಫಿಲ್ಟರ್ ಹಚ್ಚಿದ ಮುಖದೆದುರು ತನ್ನ ನಿಜಮುಖವನ್ನು ಹೀಗಳೆದುಕೊಂಡು ಕೊರಗುವ ಎಳೆಯ ಮನಸ್ಸುಗಳೂ ಇವೆ. ರಾಗದ್ವೇಷಗಳಿಂದ ತನ್ನ ಆತ್ಮವನ್ನೇ ನೋಯಿಸಿಕೊಳ್ಳುವುದೂ ಹಿಂಸೆಯೇ ಎಂಬುದನ್ನು ಮರೆಯಲಾಗದು.

ಧರ್ಮವು ಗೃಹಸ್ಥನಿಗೆ ಎಲ್ಲವನ್ನೂ ಬಿಡೆಂದು ಹೇಳದು, ಪರಿಮಾಣವನ್ನು ಕಲಿಸುತ್ತದೆ. ಜೀವಮಾನದ ತ್ಯಾಗ ಯಮ, ಕಾಲಮಿತಿಯ ತ್ಯಾಗ ನಿಯಮ. ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನ ಚಿತ್ರಕ್ಕಾಗಿ ಹೊಸ ಉಡುಪು ಕೊಳ್ಳದಿರುವ, ಮುಖವನ್ನು ತಿದ್ದದಿರುವ ನಿಯಮವನ್ನು ಮನೆಮಂದಿಯೆಲ್ಲ ಹಿಡಿಯಬಹುದು. ಬಸದಿಯ ಪೂಜೆಯನ್ನೂ ರೇಷ್ಮೆ ಸೀರೆಯ ಪ್ರದರ್ಶನವಾಗಿಸುವ ಹಿರಿಯರೇ ಮೊದಲು ಹಿಡಿಯಲಿ; ಕಿರಿಯರಿಗೆ ಉಪದೇಶಕ್ಕಿಂತ ನಡೆ ಬೇಗ ತಲುಪುತ್ತದೆ. ಹತ್ತು ದಿನಗಳ ಬಳಿಕ ಹಳೆಯ ಉಡುಪಿನಲ್ಲೇ ಗುಡ್ಡವೇರಿ ನಿಂತರೂ ಮಂಜಿನ ಚೆಲುವು ಕಿಂಚಿತ್ತೂ ಕುಂದಿರದು.