ಬೀಜಗಣಿತದಲ್ಲಿ ಅಕ್ಷರದ ಸ್ಥಾನ

ಅಂಕಗಣಿತದಲ್ಲಿ ಚುರುಕಾಗಿದ್ದ ಬಾಲಕನು ಬೀಜಗಣಿತದ ಮೊದಲ ಪಾಠದಲ್ಲಿಯೇ ತಬ್ಬಿಬ್ಬಾಗುವುದನ್ನು ಕಾಣದ ಉಪಾಧ್ಯಾಯರಿಲ್ಲ. ಲೆಕ್ಕದ ನಡುವೆ ಅಕ್ಷರವೇಕೆ ಬಂದಿತೆಂಬುದೇ ಅವನ ಸಂಶಯ. ಕನ್ನಡ ಮಾಧ್ಯಮದ ಪುಸ್ತಕದಲ್ಲಿಯೂ ಆ ಅಕ್ಷರವು 'ಎಕ್ಸ್' ಆಗಿರುವುದರಿಂದ, ಇದು ಲೆಕ್ಕವಲ್ಲ, ಇಂಗ್ಲಿಷು ಎಂದು ಹೆದರಿ ಕೈಬಿಡುವವರೂ ಉಂಟು. ಮೊದಲ ನಾಲ್ಕಾರು ಪಾಠಗಳನ್ನಾದರೂ ಕನ್ನಡದ ಅಕ್ಷರದಿಂದಲೇ ನಡೆಸತಕ್ಕದ್ದು.

ಇದೇನೂ ನೂತನ ಸಲಹೆಯಲ್ಲ. ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಭಾಸ್ಕರಾಚಾರ್ಯನು ಮೂರು ವರ್ಷದ ಶಿಶು. 1150ರಲ್ಲಿ ಆತನು ರಚಿಸಿದ 'ಸಿದ್ಧಾಂತಶಿರೋಮಣಿ'ಯ ಬೀಜಗಣಿತ ಭಾಗದಲ್ಲಿ ಅವ್ಯಕ್ತರಾಶಿಗೆ 'ಯಾವತ್ತಾವತ್' ಎಂದು ಹೆಸರು. ಎಷ್ಟೋ ಅಷ್ಟು ಎಂದರ್ಥ. ತಿಳಿಯದ ಸಂಖ್ಯೆಗೆ ಇದಕ್ಕಿಂತ ಸೊಗಸಾದ ಹೆಸರು ದೊರೆಯಲಾರದು. ಅದರ ಮೊದಲಕ್ಷರ 'ಯಾ' ಎಂಬುದೇ ಸಂಕೇತ. ಅವ್ಯಕ್ತಗಳು ಹೆಚ್ಚಿದರೆ ಕಾಲಕ, ನೀಲಕ, ಪೀತಕ ಮುಂತಾದ ಬಣ್ಣಗಳಿಂದ ಕಾ, ನೀ, ಪೀ. ಬ್ರಹ್ಮಗುಪ್ತನು 628ರಷ್ಟು ಹಿಂದೆಯೇ ಬಣ್ಣಗಳನ್ನು ಬಳಸಿದ್ದನು. ಫ್ರಾನ್ಸಿನ ದೆಕಾರ್ತನು ಎಕ್ಸ್, ವೈ, ಜೆಡ್‌ಗಳನ್ನು ರೂಢಿಗೆ ತಂದುದು 1637ರಲ್ಲಿ.

ಅಕ್ಷರವು ಸಂಕೇತವಾಗುವುದು ವಿದ್ಯಾರ್ಥಿಗೆ ಅಪರಿಚಿತವೂ ಅಲ್ಲ. ಛಂದಸ್ಸಿನ ಪಾಠದಲ್ಲಿ ಮೂರು ಗುರುವಿಗೆ 'ಮ'ಗಣ, ಮೂರು ಲಘುವಿಗೆ 'ನ'ಗಣ ಎಂದರೆ ತಕರಾರಿಲ್ಲದೆ ಒಪ್ಪುತ್ತಾನೆ. ಆದರೆ 'ಮ'ಗಣದ ಅರ್ಥ ಎಂದಿಗೂ ಒಂದೇ. ಕಟಪಯಾದಿ ಕ್ರಮದಲ್ಲಿಯೂ 'ಕ' ಎಂದರೆ 1, 'ಖ' ಎಂದರೆ 2 ಎಂದು ಬೆಲೆ ನಿಗದಿಯಾಗಿದೆ. ಬೀಜಗಣಿತದ ಅಕ್ಷರಕ್ಕೆ ಅಂತಹ ಕಟ್ಟಿಲ್ಲ. ಈ ಲೆಕ್ಕದಲ್ಲಿ 25 ಆದುದು ಮುಂದಿನ ಲೆಕ್ಕದಲ್ಲಿ 7 ಆದೀತು. ಈ ಭೇದವನ್ನು ಬಿಡಿಸಿ ಹೇಳದೆ ಸಮೀಕರಣಕ್ಕೆ ಹಾರುವುದು ಅವಸರದ ಬೋಧನೆ.

ಮತ್ತೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಅರಸೀಕೆರೆಯ ಸಂತೆಯಲ್ಲಿ ಮೂರು ತೆಂಗಿನಕಾಯಿಗೂ 12 ರೂಪಾಯಿಯ ವೀಳ್ಯದೆಲೆಗೂ ಸೇರಿ 87 ರೂಪಾಯಿ ತೆತ್ತರೆ, 3ಯಾ + 12 = 87. ಇಲ್ಲಿ 'ಯಾ' ಎಂದರೆ ಕಾಯಿಯಲ್ಲ, ಕಾಯಿಯೊಂದರ ಬೆಲೆ. ತೆಂಗಿಗೆ 'ತೆ' ಎಂದು ಬರೆಯಿಸಿದರೆ ಬಾಲಕನು ಕಾಯನ್ನು ನೆನೆದು ಸಂಖ್ಯೆಯನ್ನು ಮರೆಯುತ್ತಾನೆ. ಬಣ್ಣದ ಹೆಸರಿಗೆ ಈ ದೋಷ ತಟ್ಟದು. (ಭಾಸ್ಕರನ ಪದ್ಧತಿಯಂತೆ ಇದು 'ಯಾ 3 ರೂ 12', ಅಲ್ಲಿಯ 'ರೂ' ವ್ಯಕ್ತಸಂಖ್ಯೆಯನ್ನು ಸೂಚಿಸುವ 'ರೂಪ', ರೂಪಾಯಿಯಲ್ಲ!)

ಮೇಲಿನ ತರಗತಿಗಳಿಗೆ ಎಕ್ಸ್ ಅನಿವಾರ್ಯವೆಂಬ ಆಕ್ಷೇಪವು ನ್ಯಾಯವಾದುದೇ. ಲೋಕವೆಲ್ಲ ಒಪ್ಪಿದ ಲಿಪಿಯನ್ನು ದೂರವಿಡುವುದು ಹಟವಾದೀತು. 'ಯಾ' ಇದ್ದೆಡೆಯಲ್ಲಿ ಎಕ್ಸ್ ಬರೆಯಿಸಲು ಒಂದು ಪೀರಿಯಡ್ಡು ಸಾಕು. ಅಕ್ಷರ ಬದಲಾದರೂ ಕಾಯಿಯ ಬೆಲೆ 25 ಆಗಿಯೇ ಉಳಿಯುವುದನ್ನು ಆ ಹೊತ್ತಿನಲ್ಲಿ ಬಾಲಕನು ಕರಿಹಲಗೆಯ ಮೇಲೆ ತಾನೇ ಮಾಡಿ ನೋಡಲಿ.